ಗೋಡೆಯ ಮೇಲಿನ ಕೆಂಪು ಚುಕ್ಕೆಗಳು

ಗೆಳೆಯರೇ, ಮದ್ದೂರಿನ ನಮ್ಮ ಮನೆ ಬಾಗಿಲಿಗೆ ಇವತ್ತು ಬೇವಿನ ಸೊಪ್ಪು ಕಟ್ಟಿದೆ. ಹೆದರಬೇಡಿ, ಯಾರಿಗೂ ಸಿಡುಬಾಗಿಲ್ಲ. ನಾನೊಂದು ಚಿತ್ರ ಕೊಂಡು ತಂದೆ, ಅಷ್ಟೇ.

ಮಂಡ್ಯದಲ್ಲಿ ಬಿಳಿಯ ಎಂಜಿನಿಯರೊಬ್ಬರು ತಮ್ಮ ದೇಶಕ್ಕೆ ಹೊರಡುವ ಮುನ್ನ ಸಾಮಾನು ಮಾರುತ್ತಿದ್ದರು. ಅದರಲ್ಲಿ ಸಿಕ್ಕಿದ್ದು ಇದು. ಮ್ಯೂಸಿಯಮ್ಮಿನಲ್ಲಿ ಇಡುವಂಥ ಚಿತ್ರದ ಅಚ್ಚುಪ್ರತಿ. ಬಣ್ಣ ಇನ್ನೂ ಹಸಿಯಾಗಿದೆಯೇನೋ ಅನ್ನಿಸುತ್ತದೆ. ಮನುಷ್ಯರಿಲ್ಲ, ಮರವಿಲ್ಲ, ದೇವರಿಲ್ಲ. ಬಿಳಿಯ ಮೇಲೆ ಎರಚಿದ ಕೆಂಪು ಚುಕ್ಕೆಗಳು ಮಾತ್ರ.

ನಡುಮನೆಯಲ್ಲಿ ತೂಗುಹಾಕಿದ ಕೂಡಲೇ ಅವ್ವ ಒಲೆ ಬಿಟ್ಟು ಎದ್ದು ಬಂದಳು.

“ಲೇ, ಪಕ್ಕದ್ ಬೀದೀಗೆ ಅಮ್ಮ ಬಂದವ್ಳೆ ಕಣ್ಲಾ. ನೀನು ಕೈಯಾರೆ ಮನೇಗೆ ಕರ್ಕಂಡ್ ಬಂದಿದ್ದೀಯಲ್ಲಾ!”

“ಇದು ಬರೀ ಬಣ್ಣ ಕಣವ್ವ.”

“ಅಂಗನ್ಬ್ಯಾಡ. ಅವ್ಳು ಕೇಳುಸ್ಕತಾಳೆ.”

“ತೆಗ್ದಿಡ್ತೀನಿ ಬುಡು.”

“ಬಂದೋಳ್ನ ಆಚೆಗಾಕಕ್ಕಾಯ್ತದಾ?”

ಚಿತ್ರಕ್ಕೆ ಅರಿಸಿನ ಕುಂಕುಮ ಬಿತ್ತು. ಬಾಗಿಲಿಗೆ ಬೇವು ಬಂತು. ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಹಾಕಬಾರದೆಂದು ಸಾರು ಹಾಗೇ ಇಳಿಯಿತು. ಹಾಲಿನವಳು ಸೊಪ್ಪು ನೋಡಿದ್ದೇ ಹಾಲನ್ನು ಬೀದಿಯಲ್ಲೇ ಇಟ್ಟು ಓಡಿದಳು. ನಾನು ಹೊಟ್ಟೆ ತುಂಬ ನಕ್ಕೆ.

ಸಂಜೆ ಮಗಳನ್ನು ಎತ್ತಿಕೊಂಡೆ. ಮೈ ಬೆಚ್ಚಗಿತ್ತು. ಕುತ್ತಿಗೆಯ ಹಿಂದೆ ಕೆಂಪು ಚುಕ್ಕೆಗಳಿದ್ದವು.

ಸೊಳ್ಳೆ ಕಚ್ಚಿರಬೇಕು. ನಾಲೆಯ ನೀರು ಬಂದ ಮೇಲೆ ಸೊಳ್ಳೆ ಕಾಟ ಎಷ್ಟೆಂದು ನಿಮಗೂ ಗೊತ್ತಲ್ಲ. ಅವ್ವನಿಗೆ ಇನ್ನೂ ಹೇಳಿಲ್ಲ. ಒಗ್ಗರಣೆಯಿಲ್ಲದ ಸಾರನ್ನು ತೆಪ್ಪಗೆ ಉಂಡೆ. ಬರೀ ಸೊಳ್ಳೆ ಎಂದು ಬಾಯಿಬಿಟ್ಟು ಹೇಳೋಣವೆಂದರೆ ಆ ಚಿತ್ರ ಎದುರಿಗೇ ಇದೆ. ಅವಳು ಕೇಳಿಸಿಕೊಂಡರೆ?