ಲೋಕರಕ್ಷಕನ ಎಡ ಮೊಣಕಾಲು

ಬಾನಿನಲ್ಲಿ ಹಾರಾಡುವ ವೀರರಿಗೂ ಒಮ್ಮೊಮ್ಮೆ ನೆಲದ ಮೇಲೆ ನಡೆಯಬೇಕಾಗುತ್ತದೆ. ಸೆತ್ರಾಕ್ ಕೊಯುಂಜ್ಯಾನ್‌ನ ಅನ್ನ ಹುಟ್ಟುತ್ತಿದ್ದುದು ಅಲ್ಲಿಂದಲೇ. ತೆರೆಯ ಮೇಲೆ ಲೋಕರಕ್ಷಕ ನಾಲ್ಕು ಹೆಜ್ಜೆ ಹಾಕಿದರೆ ಕೇಳಿಸುವ ಸದ್ದು ಆ ಪಾತ್ರದ ಚೆಲುವ ನಟನದಲ್ಲ. ಚಿತ್ರೀಕರಣವೆಲ್ಲ ಮುಗಿದ ಮೇಲೆ, ಸಿನಿಮಾ ಸ್ಟುಡಿಯೋಗಳ ಊರಾದ ಬರ್ಬ್ಯಾಂಕಿನ ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ, ಸೈನಿಕರ ಬೂಟು ತೊಟ್ಟು, ಜಲ್ಲಿ ತುಂಬಿದ ತೊಟ್ಟಿಯೊಳಗೆ ನಿಂತು, ತೆರೆಯನ್ನೇ ನೋಡುತ್ತ ತುಳಿಯುವ ಸೆತ್ರಾಕ್‌ನದು. ಹೀಗೆ ಅವನು ಖಳರನ್ನು ನಡೆಸಿದ್ದ, ರೋಬೋಟುಗಳನ್ನು ನಡೆಸಿದ್ದ. ಅರವತ್ತು ದಾಟಿದ, ಪೊದೆ ಮೀಸೆಯ ಈ ಗಂಡಸು ಎತ್ತರ ಹಿಮ್ಮಡಿಯ ಕೆಂಪು ಚಪ್ಪಲಿ ಮೆಟ್ಟಿ ಅನ್ಯಗ್ರಹದ ಮಹಾರಾಣಿಯರನ್ನೂ ನಡೆಸಿದ್ದ. ರಾಣಿಯರು ಅಷ್ಟು ಗತ್ತಿನಿಂದ ಮತ್ತಾರ ಕಾಲಲ್ಲೂ ನಡೆದದ್ದಿಲ್ಲ.

ಈಗ ಅವನಿಗೆ ಸಾಕಾಗಿತ್ತು. ಎಡ ಮೊಣಕಾಲಿನ ಮೆದುಮೂಳೆ ಸವೆದು ಎಲುಬಿಗೆ ಎಲುಬು ಉಜ್ಜುತ್ತಿತ್ತು. ಕೀಲನ್ನೇ ಬದಲಿಸಬೇಕೆಂದು ಡಾಕ್ಟರು ಹೇಳಿದ್ದರು. ಸೆತ್ರಾಕ್ ಒಪ್ಪಿದ್ದ, ಹೆಂಡತಿ ಶಾಕೆ ಯಾವಾಗಲೋ ಒಪ್ಪಿದ್ದಳು. ತೊಡಕೆಂದರೆ, ಸಿನಿಮಾ ಕೆಲಸಗಾರರ ಸಂಘದ ಆರೋಗ್ಯ ವಿಮೆ ಉಳಿಯಬೇಕಾದರೆ ವರ್ಷಕ್ಕೆ ಇಂತಿಷ್ಟು ಗಂಟೆ ಕೆಲಸ ಮಾಡಿರಬೇಕು. ವಿಮೆಯಿಲ್ಲದೆ ಹೊಸ ಕೀಲಿಲ್ಲ. ಅಂದರೆ ಕಾಲನ್ನು ಉಳಿಸಿಕೊಳ್ಳಲು ಅದೇ ಕಾಲನ್ನು ಇನ್ನಷ್ಟು ಸವೆಸಬೇಕು. ಆದ್ದರಿಂದ ಅವನು ಸ್ಟುಡಿಯೋದಲ್ಲಿ ಕುಂಟನ್ನು ಮುಚ್ಚಿಟ್ಟು, ಹಲ್ಲು ಕಚ್ಚಿ ನೆಟ್ಟಗೆ ನಡೆಯುತ್ತಿದ್ದ. ಹೆಜ್ಜೆಯವನ ಕಾಲು ಕೆಟ್ಟಿದೆಯೆಂಬ ಸುದ್ದಿ ಹಾಡುಗಾರನ ಗಂಟಲು ಕೆಟ್ಟಿದೆಯೆಂಬ ಸುದ್ದಿಗಿಂತ ಬೇಗ ಹರಡುತ್ತದೆ.

ಹಿಂದಿನ ದಿನಗಳಲ್ಲಿ ಇಂಥ ಹಾರುವ ವೀರರ ಚಿತ್ರಗಳಿಗೆ ಮರ್ಯಾದೆ ಇರಲಿಲ್ಲ. ಗ್ಲೆಂಡೇಲಿನ ಅವರ ಮನೆಗೆ ಭಾನುವಾರ ಕಾಫಿಗೆ ಬರುತ್ತಿದ್ದ ಶಾಕೆಯ ತಮ್ಮ, ಒಡವೆ ಅಂಗಡಿಯ ವಾಹ್ರಾಮ್, ಬಸ್ತುರ್ಮಾ ಎಂಬ ಒಣಮಾಂಸದ ತುಂಡನ್ನು ಬಾಯಿಗೆ ಹಾಕಿಕೊಳ್ಳುತ್ತ ತಪ್ಪದೆ ಕೇಳುತ್ತಿದ್ದ: "ಏನ್ ಭಾವ, ಈ ವಾರ ಯಾವ ಬೊಂಬೆಗೆ ನಡೆಯೋದ್ ಕಲಿಸ್ತಾ ಇದೀರ?" ಇಗರ್ಜಿಯಲ್ಲಿ ಯಾರಾದರೂ ವಿಚಾರಿಸಿದರೆ ಸೆತ್ರಾಕ್ ಯುದ್ಧದ ಚಿತ್ರಗಳಲ್ಲಿ ಕೆಲಸ ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದ.

ಆಮೇಲೆ ಆ ಚಿತ್ರಗಳಿಗೆ ಗಾಂಭೀರ್ಯ ಬಂತು. ಗಾಂಭೀರ್ಯ ಸಿಡುಬಿನ ಹಾಗೆ, ಬರುವ ಮುಂಚೆ ಲಕ್ಷಣ ತೋರಿಸುತ್ತದೆ. ಮೊದಲು ದೀಪ ಕಡಿಮೆಯಾಯಿತು, ಯಾರು ಯಾರನ್ನು ಹೊಡೆಯುತ್ತಿದ್ದಾರೆಂದು ಕಾಣದಾಯಿತು. ಮೇಲಂಗಿಯ ಕೆಂಪು ಒಣಗಿದ ರಕ್ತದ ಬಣ್ಣಕ್ಕೆ ತಿರುಗಿತು. ಹಿಂದೆಲ್ಲ ಒಂದೇ ಗುಂಡಿಗೆ ಸತ್ತುಬೀಳುತ್ತಿದ್ದ ವೀರನ ತಂದೆ ಈಗ ಇಂಟರ್ವಲ್‌ವರೆಗೂ ಸಾಯತೊಡಗಿದ. ಕಡೆಗೆ ವೀರ ನಗುವುದನ್ನೇ ಬಿಟ್ಟ. ಆಗ ಪಂಡಿತರು ಎದ್ದು ಕುಳಿತರು.

ಈ ಸಿಡುಬು ಸೆತ್ರಾಕ್‌ನ ಕೋಣೆಗೆ ಬಂದದ್ದು ಕೇಲಬ್ ಎಂಬ ನಿರ್ದೇಶಕನ ರೂಪದಲ್ಲಿ. ಸಣ್ಣ ವಯಸ್ಸು, ಕಪ್ಪು ಅಂಗಿ, ಊಟ ಬಿಟ್ಟವನ ಮುಖ. ಲೋಕರಕ್ಷಕ ಸುಟ್ಟ ಊರಿನ ನಡುವೆ ಒಬ್ಬನೇ ನಡೆದುಹೋಗುವ ದೃಶ್ಯಕ್ಕೆ ಹೆಜ್ಜೆ ಬೇಕಾಗಿತ್ತು. ಸೆತ್ರಾಕ್ ನೋವು ನುಂಗಿ ಗಡಿಯಾರದಂತೆ ನಡೆದ. ಕೇಲಬ್ ಒಪ್ಪದೆ ತಲೆಯಾಡಿಸಿದ. ಹೆಜ್ಜೆಯಲ್ಲಿ ಶಕ್ತಿ ಇದೆ, ಪಶ್ಚಾತ್ತಾಪ ಇಲ್ಲ ಎಂದ. ಸೆತ್ರಾಕ್ ಮೆಲ್ಲಗೆ ನಡೆದ, ಎಳೆದುಕೊಂಡು ನಡೆದ, ನಿಂತು ನಿಂತು ನಡೆದ. ಸಂಜೆಯ ಹೊತ್ತಿಗೆ ಕೇಲಬ್‌ಗೆ ಬೇಸರ ಬಂತು, ಸೆತ್ರಾಕ್‌ಗೆ ಕಾಲೇ ಇಲ್ಲದಂತಾಯಿತು. ಸ್ವಲ್ಪ ನೀರು ಕುಡಿದು ಬರುತ್ತೇನೆಂದು ಅವನು ಬೂಟಿನಲ್ಲೇ, ಮುಚ್ಚಿಡುವ ತ್ರಾಣವಿಲ್ಲದೆ, ತನ್ನ ನಿಜವಾದ ನಡಿಗೆಯಲ್ಲಿ ತೊಟ್ಟಿಯನ್ನು ದಾಟಿದ. ಬಲಗಾಲು ಸರಿಯಾಗಿ ಬಿತ್ತು, ಎಡಗಾಲು ಅರೆಗಳಿಗೆ ತಡವಾಗಿ, ಜಲ್ಲಿಯನ್ನು ಕೆರೆದು ಬಿತ್ತು.

ಗಾಜಿನಾಚೆ ಧ್ವನಿ ಹಿಡಿಯುತ್ತಿದ್ದ ಲೂಪೆ ಯಂತ್ರ ನಿಲ್ಲಿಸಿರಲಿಲ್ಲ.

"ಇದು," ಎಂದ ಕೇಲಬ್, ಎದೆಯ ಮೇಲೆ ಕೈಯಿಟ್ಟುಕೊಂಡು. "ಇದನ್ನ ಎಲ್ಲಿ ಬಚ್ಚಿಟ್ಟಿದ್ರಿ ಇಷ್ಟೊತ್ತು?"

ಚಿತ್ರ ಬಿಡುಗಡೆಯಾಯಿತು. ಯುರೋಪಿನ ಒಂದು ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು, ಕೈ ನೋಯುವವರೆಗೆ ಚಪ್ಪಾಳೆ ತಟ್ಟಿದರು. ಒಬ್ಬ ಪ್ರಾಧ್ಯಾಪಕರು ಆ ತಡವಾದ ಎಡಹೆಜ್ಜೆಯ ಮೇಲೆಯೇ ದೊಡ್ಡ ಲೇಖನ ಬರೆದು, ಒಂದು ಇಡೀ ನಾಗರಿಕತೆಯ ಪಾಪಪ್ರಜ್ಞೆ ಅಲ್ಲಿ ಕುಂಟುತ್ತಿದೆ ಎಂದು ಸಾಬೀತು ಮಾಡಿದರು. ವಾಹ್ರಾಮ್ ಆ ಪತ್ರಿಕೆಯನ್ನು ಇಗರ್ಜಿಗೆ ತಂದು, ನಾಗರಿಕತೆ ನಮ್ಮ ಭಾವನದು ಎಂದು ಕಂಡಕಂಡವರಿಗೆಲ್ಲ ತೋರಿಸಿದ. ಸೆತ್ರಾಕ್‌ಗೆ ಸಂತೋಷವಾಗಲಿಲ್ಲವೆಂದರೆ ಸುಳ್ಳಾದೀತು. ಎರಡನೆಯ ಭಾಗ ಮುಗಿಯುವವರೆಗೆ ದಯವಿಟ್ಟು ಕಾಲನ್ನು ರಿಪೇರಿ ಮಾಡಿಸಬೇಡಿ ಎಂದು ನಿರ್ಮಾಪಕರು ಹಣ್ಣಿನ ಬುಟ್ಟಿ ಕಳಿಸಿ ಕೇಳಿಕೊಂಡಾಗ, ಅವನು ಆ ಸಂತೋಷದಲ್ಲೇ ಒಪ್ಪಿಬಿಟ್ಟ. ವಿಮೆಯ ಗಂಟೆಗಳೂ ತುಂಬುತ್ತವಲ್ಲ ಎಂದು ಶಾಕೆಗೆ ಸಮಜಾಯಿಷಿ ಹೇಳಿದ.

ಎರಡನೆಯ ಭಾಗಕ್ಕೆ ನಾಯಕನಟನೇ ಮನೆಗೆ ಬಂದ. ಕುದುರೆಯಂಥ ಆಳು. ಧ್ವನಿಗೆ ಹೊಂದುವಂತೆ ಕುಂಟಲು ಕಲಿಯಬೇಕಾಗಿತ್ತು ಅವನಿಗೆ. ಶಾಕೆಯ ಅಡುಗೆಮನೆಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ ಗುರುಶಿಷ್ಯರಿಬ್ಬರೂ ಕುಂಟಿದರು. ಶಿಷ್ಯ ತೂಕ ಹಾಕುವುದು ತಪ್ಪಿದಾಗಲೆಲ್ಲ ಗುರು ಮತ್ತೆ ನಡೆದು ತೋರಿಸಬೇಕು. ಆ ರಾತ್ರಿ ಶಾಕೆ ಗಂಡನ ಮೊಣಕಾಲಿಗೆ ಐಸು ಕಟ್ಟಿ, ಗಂಟನ್ನು ಬೇಕೆಂದೇ ಬಿಗಿದಳು.

ಮೂರನೆಯ ಭಾಗವೂ ಬಂತು. ಹಳೆಯ ಹೆಜ್ಜೆಗಳು ಯಂತ್ರದಲ್ಲಿ ಬೇಕಾದಷ್ಟಿವೆ, ಅವನ್ನೇ ಬಳಸಿ ಈ ಮುದುಕನನ್ನು ಬಿಟ್ಟುಬಿಡಿ ಎಂದು ಲೂಪೆ ಕೇಲಬ್‌ನ ಮುಖಕ್ಕೇ ಹೇಳಿದಳು. ಹಳೇ ನೋವನ್ನು ಬಿಸಿ ಮಾಡಿ ಬಡಿಸಲಾಗದು ಎಂದ ಕೇಲಬ್. ಈ ಭಾಗದಲ್ಲಿ ಲೋಕರಕ್ಷಕ ಸಾಯುತ್ತಾನೆ, ಅಲ್ಲಿಗೆ ನಿಮಗೂ ಬಿಡುಗಡೆ ಎಂದು ಸೆತ್ರಾಕ್‌ನ ಭುಜ ತಟ್ಟಿದ. ಮನೆಯಲ್ಲಿ ಶಾಕೆ ಮಾತ್ರ ಅದನ್ನು ಕೇಳಿ ಕಾಫಿಯ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

"ಏ ಮನುಷ್ಯಾ, ಅವನು ಸತ್ತರೆ ನಾಲ್ಕನೇ ಭಾಗದಲ್ಲಿ ಎದ್ದು ಬರ್ತಾನೆ. ನಿನ್ನ ಕಾಲು ಸತ್ತರೆ ಬರುತ್ತಾ?"

ಸೆತ್ರಾಕ್ ಎದ್ದ. ಇದೊಂದೇ, ಆಮೇಲೆ ಆಸ್ಪತ್ರೆ ಎಂದು ತನಗೆ ತಾನೇ ಹೇಳಿಕೊಂಡು ಬೂಟು ಹಾಕಿಕೊಂಡ.

ಕೊನೆಯ ನಡಿಗೆ ಮೆಟ್ಟಿಲೇರುವುದು. ತೆರೆಯ ಮೇಲೆ ಲೋಕರಕ್ಷಕ ಕುಸಿದ ಗೋಪುರವನ್ನು ಹತ್ತುತ್ತಿದ್ದ. ಕೆಳಗೆ ಸೆತ್ರಾಕ್ ಮರದ ಮೆಟ್ಟಿಲುಗಳ ಮೇಲೆ ಕಲ್ಲುಪುಡಿ ಹರಡಿಕೊಂಡು ಹತ್ತುತ್ತಿದ್ದ. ತುದಿಯ ಮೆಟ್ಟಿಲಲ್ಲಿ ಮೊಣಕಾಲು ಯಾವ ಮುನ್ಸೂಚನೆಯನ್ನೂ ಕೊಡದೆ ಕೈಬಿಟ್ಟಿತು. ಅವನು ಉರುಳಿ ಜಲ್ಲಿಯ ತೊಟ್ಟಿಗೆ ಬಿದ್ದ. ಧೂಳೆದ್ದಿತು. ಲೂಪೆ ಬಾಗಿಲು ತೆರೆದು ಓಡಿಬಂದಳು. ಕೇಲಬ್ ಎದ್ದು ನಿಂತಿದ್ದ, ಕಣ್ಣು ತುಂಬಿತ್ತು.

"ಅದ್ಭುತ," ಎಂದ ಮೆಲ್ಲಗೆ. ಆಮೇಲೆ ಈ ಊರಿನ ನಿರ್ದೇಶಕರೆಲ್ಲ ಹೇಳುವ ಆ ಮಾತನ್ನೂ ಹೇಳಿದ: "ಇನ್ನೊಂದ್ಸಲ ಮಾಡೋಣ್ವಾ? ಸುಮ್ಮನೆ, ಜಾಗ್ರತೆಗೆ."

ಲೂಪೆ ಸ್ಪ್ಯಾನಿಷಿನಲ್ಲಿ ಏನೋ ಅಂದಳು. ಅದನ್ನು ಯಾವ ಭಾಷೆಯಲ್ಲೂ ಅಚ್ಚು ಮಾಡುವಂತಿಲ್ಲ. ಸೆತ್ರಾಕ್ ಬಿದ್ದಲ್ಲೇ ಕುಳಿತು ಲಾಡಿ ಬಿಚ್ಚಿದ. ಒಂದು ಬೂಟು ಬಂತು. ಎಡಗಾಲಿನದು ಬರಲಿಲ್ಲ, ಕಾಲು ಅಷ್ಟರಲ್ಲೇ ಊದಿತ್ತು. ಲೂಪೆ ಕತ್ತರಿ ತಂದು ಬೂಟನ್ನು ಕತ್ತರಿಸಿದಳು. ಅವನು ಕೇಲಬ್‌ನ ಕಡೆ ನೋಡಿದ. ಸಿಟ್ಟೇನೂ ಇರಲಿಲ್ಲ, ಸಿಟ್ಟಿಗೂ ಒಂದಷ್ಟು ಕಸುವು ಬೇಕು.

"ಇಲ್ಲಪ್ಪ. ನನಗೆ ಸುಸ್ತಾಗಿದೆ. ನಿನ್ನ ವೀರನಿಗಲ್ಲ, ನನಗೆ," ಎಂದ. "ಲೂಪೆ, ಶಾಕೆಗೆ ಒಂದು ಫೋನ್ ಮಾಡಮ್ಮ."

"ಮಾಡಾಯ್ತು, ಸೆತ್ರಾಕ್ ಸಾರ್. ಕತ್ತರಿ ತರೋಕೆ ಹೋದಾಗ್ಲೇ ಮಾಡಿದೆ."

ಶಾಕೆ ಬಂದು ಕೇಲಬ್‌ನನ್ನು ನೋಡಲೇ ಇಲ್ಲ. ಗಂಡನ ಕಂಕುಳಿಗೆ ಭುಜ ಕೊಟ್ಟು ಎಬ್ಬಿಸಿದಳು.

ಶಸ್ತ್ರಚಿಕಿತ್ಸೆಯಾದ ಮೇಲೆ ನಿರ್ಮಾಪಕರಿಂದ ಮತ್ತೊಂದು ಹಣ್ಣಿನ ಬುಟ್ಟಿ ಬಂತು. ನಾಲ್ಕನೆಯ ಭಾಗದಲ್ಲಿ ಲೋಕರಕ್ಷಕ ನಿಜಕ್ಕೂ ಎದ್ದು ಬರುವವನಿದ್ದ, ಬಲಗಾಲಿನಲ್ಲಿ ಏನಾದರೂ ತೊಂದರೆಯಿದೆಯೇ ಎಂದು ವಿಚಾರಿಸಿದ್ದರು. ಶಾಕೆ ಬುಟ್ಟಿಯನ್ನು ದಾದಿಯರಿಗೆ ಹಂಚಿದಳು.

ಕೆಲವು ವಾರಗಳ ಮೇಲೆ ಆಸ್ಪತ್ರೆಯ ಉದ್ದನೆಯ ಹಜಾರದಲ್ಲಿ ಕೋಲು ಬಿಟ್ಟು ನಡೆಯಿರಿ ಎಂದರು ಡಾಕ್ಟರು. ಸೆತ್ರಾಕ್ ನಡೆದ. ಬಲ, ಎಡ, ಬಲ, ಎಡ, ಎಲ್ಲವೂ ಒಂದೇ ಸಮ. ಜೀವಮಾನವೆಲ್ಲ ಹೆಜ್ಜೆ ಕೇಳಿದ ಕಿವಿಯಿಂದ ತನ್ನ ಹೆಜ್ಜೆಯನ್ನೇ ಕೇಳಿದ. ಅದರಲ್ಲಿ ಪಶ್ಚಾತ್ತಾಪವಿರಲಿಲ್ಲ, ನಾಗರಿಕತೆಯೂ ಇರಲಿಲ್ಲ. ಮೊಸರು ತರಲು ಅಂಗಡಿಗೆ ಹೊರಟ ಮುದುಕನೊಬ್ಬನ ಸದ್ದು, ಯಾವ ನಿರ್ದೇಶಕನೂ ಮೂಸಿ ನೋಡದ್ದು.

"ಹೇಗಿದೆ?" ಎಂದಳು ಶಾಕೆ, ಜೊತೆಜೊತೆಗೇ ನಡೆಯುತ್ತ.

"ಏನೂ ಇಲ್ಲ. ಬರೀ ನಡೆದ ಹಾಗಿದೆ."

"ಹಾಗಾದ್ರೆ ಬಾಯಿ ಮುಚ್ಕೊಂಡು ನಡಿ," ಎಂದಳು. ಅವನು ನಡೆದ.