ಶುಂಠಿ ಕಂಡ ಹೊಲ

ನಾನು ಶುಂಠಿ ಹಾಕಿದ ಟೀ ಕುಡಿಯುವುದಿಲ್ಲ. ಇದೂ ಒಂದು ಹೇಳಿಕೊಳ್ಳುವ ವಿಷಯವೇ ಎಂದು ನೀವು ಕೇಳಬಹುದು. ಹುಣಸೂರಿನಲ್ಲಿ ಟೀಚರಾಗಿ ಬಾಳುವವಳಿಗೆ ಇದು ದೊಡ್ಡ ವಿಷಯವೇ. ಯಾರ ಮನೆಗೆ ಹೋದರೂ ಮಿಸ್ಸು ಬಂದರು ಎಂಬ ಗೌರವಕ್ಕೆ ಒಂದು ತುಂಡು ಶುಂಠಿ ಹೆಚ್ಚಿಗೆ ಜಜ್ಜಿ ಹಾಕುತ್ತಾರೆ. ನಾನು ಲೋಟ ಹಿಡಿದು, ಆರಲಿ ಎಂದು ನೆಪ ಹೇಳಿ, ಮಾತಿನ ನಡುವೆ ಮರೆತವಳ ಹಾಗೆ ಕಿಟಕಿಯ ಮೇಲಿಟ್ಟು ಎದ್ದು ಬರುತ್ತೇನೆ. ನನಗೆ ಗ್ಯಾಸ್ಟ್ರಿಕ್ಕು ಎಂದು ಕೆಲವರು, ಜಂಬ ಎಂದು ಕೆಲವರು ತೀರ್ಮಾನ ಮಾಡಿಕೊಂಡಿದ್ದಾರೆ. ನಿಜ ಏನೆಂದರೆ, ಏಳನೆಯ ವಯಸ್ಸಿನಿಂದ ನಾನು ಮಲಗಿದ್ದು, ಎದ್ದದ್ದು, ಮಗ್ಗಿ ಉರು ಹೊಡೆದದ್ದು ಎಲ್ಲ ಶುಂಠಿ ಮೂಟೆಗಳ ಮೇಲೆ. ಸ್ಕೂಲಿನಲ್ಲಿ ಪಕ್ಕ ಕೂತವಳು ಮೂಗು ಹಿಡಿದುಕೊಂಡು, "ಕಷಾಯ ಬಂತು ಕಣೇ" ಎನ್ನುತ್ತಿದ್ದಳು. ಆಗಿನಿಂದ ಆ ವಾಸನೆಗೂ ನನಗೂ ಮಾತಿಲ್ಲ.

ನಾವು ವಯನಾಡಿನವರು. ಅಪ್ಪ, ಎಂದರೆ ನಮ್ಮ ಮಾತಿನಲ್ಲಿ ಅಚ್ಛ, ಗಡಿ ದಾಟಿ ಎನ್. ಬೇಗೂರಿನ ಹತ್ತಿರ ಎರಡೆಕರೆ ಹೊಲ ಗುತ್ತಿಗೆಗೆ ಹಿಡಿದಾಗ ಒಂದೇ ಬೆಳೆಯ ಲೆಕ್ಕದಲ್ಲಿ ಬಂದಿದ್ದರು. ಒಂದು ಬೆಳೆ ತೆಗೆದು ಊರಿಗೆ ವಾಪಸ್ಸು ಎಂದು ಅಮ್ಮನಿಗೆ ಹೇಳಿದ್ದರಂತೆ. ಆ ಒಂದು ಬೆಳೆ ಇಪ್ಪತ್ತಾರು ವರ್ಷ ನಡೆದಿದೆ. ವಲಸೆ ಬಂದವರನ್ನು ಯಾರನ್ನಾದರೂ ಕೇಳಿ ನೋಡಿ, ಅವರು ಬಂದಿರುವುದು ಯಾವಾಗಲೂ ಸ್ವಲ್ಪ ದಿನಕ್ಕೇ.

ಶುಂಠಿಯ ಗುಣ ತಿಳಿಯದವರಿಗೆ ಒಂದು ಮಾತು ಹೇಳಬೇಕು. ವಿಜ್ಞಾನ ಪಾಠ ಮಾಡುವವಳಾದ್ದರಿಂದ ಇಷ್ಟು ಸಲಿಗೆ ಕೊಡಿ. ಶುಂಠಿ ಒಂದು ಸಲ ಹಾಕಿದ ಮಣ್ಣಿಗೆ ಮತ್ತೆ ಹಲವಾರು ವರ್ಷ ಶುಂಠಿ ಹಾಕಬಾರದು. ಕೊಳೆರೋಗದ ಬೇರು ಆ ಮಣ್ಣಿನಲ್ಲೇ ಅವಿತಿರುತ್ತದೆ. ರಾಗಿ ಹಾಕಿ, ಜೋಳ ಹಾಕಿ, ಹೊಗೆಸೊಪ್ಪು ಹಾಕಿ, ಅದು ಸುಮ್ಮನಿರುತ್ತದೆ. ಶುಂಠಿ ಬಂತೋ, ಎದ್ದು ಕೂರುತ್ತದೆ. ಅದಕ್ಕೇ ಶುಂಠಿಯವರು ಪ್ರತಿ ವರ್ಷ ಹೊಸ ಹೊಲ ಹುಡುಕಿಕೊಂಡು ಹೋಗಬೇಕು. ಹೊಲ ಹೋದ ಕಡೆ ನಾವಿರುವ ಶೆಡ್ಡು, ಶೆಡ್ಡು ಹೋದ ಕಡೆ ಸ್ಕೂಲು. ಬೇಗೂರಾಯಿತು, ಕಾಕನಕೋಟೆ ಕಾಡಿನ ಅಂಚಾಯಿತು, ಪಿರಿಯಾಪಟ್ಟಣದ ಕಡೆ ಎರಡು, ಕೆ.ಆರ್. ನಗರದ ಕಡೆ ಒಂದು, ಆಮೇಲೆ ಹುಣಸೂರಿನ ಕಡೆ ಎರಡು. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ನಾನು ಏಳು ಸ್ಕೂಲಿನ ಕೊನೇ ಬೆಂಚು ನೋಡಿದ್ದೆ. ಗೆಳತಿ ಎಂದು ಒಬ್ಬಳು ಗಟ್ಟಿಯಾಗುವ ಹೊತ್ತಿಗೆ ನಮ್ಮ ಅಚ್ಛ ಮುಂದಿನ ಹೊಲಕ್ಕೆ ಹೊರಡಲು ನೀರಿನ ಪೈಪು ಸುತ್ತುತ್ತಿದ್ದರು.

ಹೀಗೆ ಬೆಳೆದವರಿಗೆ ವಯಸ್ಸಾಗುವುದು ತಿಳಿಯುವುದಿಲ್ಲ. ಒಂದೇ ಮನೆಯಲ್ಲಿದ್ದವರು ನೋಡಿ, ಬಾಗಿಲ ಚಿಲಕ ಎಟುಕಿದ ದಿನ ದೊಡ್ಡವರಾಗುತ್ತಾರೆ, ಮೆಟ್ಟಿಲು ಹತ್ತಲು ಮಂಡಿ ಹಿಡಿದ ದಿನ ಮುದುಕರಾಗುತ್ತಾರೆ. ನಮಗೆ ಚಿಲಕವೂ ಇರಲಿಲ್ಲ, ಮೆಟ್ಟಿಲೂ ಇರಲಿಲ್ಲ. ಟಾರ್ಪಾಲಿನ ಬಾಗಿಲು ಎಲ್ಲ ವಯಸ್ಸಿನವರಿಗೂ ಒಂದೇ. ಹೋದ ವರ್ಷ ಕನ್ನಡಿಯಲ್ಲಿ ಕಿವಿಯ ಮೇಲೆ ನಾಲ್ಕು ಬಿಳಿ ಕೂದಲು ಕಂಡಾಗ ನನಗೆ ಮೊದಲು ಬಂದ ಯೋಚನೆ, ಇದು ಸೀಮೆಸುಣ್ಣ ಎಂದು. ಉಜ್ಜಿದೆ. ಹೋಗಲಿಲ್ಲ. ಈಗ ನನಗೆ ಮೂವತ್ತಮೂರು ವರ್ಷ. ಮದುವೆಯಾಗಿಲ್ಲ. ವಯನಾಡಿನ ನೆಂಟರಿಗೆ ನಾನು ಕನ್ನಡದವಳು, ನನ್ನ ಮಲಯಾಳ ಕೇಳಿ ಅತ್ತೆಯ ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಾರೆ. ಇಲ್ಲಿ ಬಂದ ಒಂದೆರಡು ಸಂಬಂಧದವರಿಗೆ ನಾನು ಮಲಯಾಳದವಳು, ಮೀನಿಲ್ಲದೆ ಊಟ ಮಾಡುತ್ತಾಳೋ ಇಲ್ಲವೋ ಎಂಬ ಚಿಂತೆ. ಎರಡು ಕಡೆಯವರೂ ಒಳ್ಳೆಯವರೇ. ಆದರೆ ಇಬ್ಬರ ಪಟ್ಟಿಯಲ್ಲೂ ನಾನು ಆಚೆ ಕಡೆಯವಳು.

ಅಚ್ಛನಿಗೆ ಈ ಕೊರಗಿರಲಿಲ್ಲ. ಅವರಿಗೆ ಊರು ಬೇಕಾಗಿರಲಿಲ್ಲ, ಮಣ್ಣು ಸಾಕಾಗಿತ್ತು. ಈ ನಾಲ್ಕು ತಾಲ್ಲೂಕಿನಲ್ಲಿ ಅವರಿಗೆ ಚೇಟ, ಎಂದರೆ ಮಲಯಾಳದಲ್ಲಿ ಅಣ್ಣ, ಎಂದೇ ಹೆಸರು. ಹೊಲ ಕೊಡುವವರು ಎಲ್ಲರೂ ಹೇಳುವುದು ಒಂದೇ ಮಾತು, "ಈ ವಲ ಸುಂಟಿ ಮಕಾನೇ ಕಂಡಿಲ್ಲ ಕಣ್ರೀ ಚೇಟ." ಅಚ್ಛ ನಗುತ್ತ ಹೊಲದ ನಡುವೆ ಕುಕ್ಕರಗಾಲಲ್ಲಿ ಕೂತು, ಒಂದು ಹಿಡಿ ಮಣ್ಣು ಪುಡಿ ಮಾಡಿ, ಬದುವಿನ ಬಳಿ ಹಳೆ ಶೆಡ್ಡಿನ ಗುರುತು, ಪೈಪಿನ ಚೂರು ನೋಡಿ, "ಮೂರು ವರ್ಷದ ಹಿಂದೆ ಹಾಕಿದ್ದಾರೆ" ಎಂದು ಎದ್ದುಬಿಡುತ್ತಿದ್ದರು. ಒಂದು ಸಲವೂ ತಪ್ಪಿದ್ದಿಲ್ಲ. ಶುಂಠಿ ಮಾಡುವ ಬೇರೆ ಮಲಯಾಳಿ ಚೇಟಂದಿರೂ ಹೊಲ ಹಿಡಿಯುವ ಮುಂಚೆ ಇವರನ್ನು ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಮಣ್ಣಿನ ವಿಷಯದಲ್ಲಿ ಅಚ್ಛನಿಗೆ ಎದುರು ಹೇಳುವುದು ನಮ್ಮ ಮನೆಯಲ್ಲಿ ಇರಲೇ ಇಲ್ಲ.

ಈ ಸಲ ಗುರುಪುರದ ಆಚೆ, ನಿಂಗೇಗೌಡರ ಹೊಲ ಹಿಡಿದರು. ನನಗೆ ಕೆಲಸ ಸಿಕ್ಕಮೇಲೆ ನಾವು ಹುಣಸೂರಿನಲ್ಲಿ ಬಾಡಿಗೆ ಮನೆ ಮಾಡಿದ್ದೇವೆ. ಅಚ್ಛ ದಿನಾ ಬಸ್ಸಿನಲ್ಲಿ ಹೊಲಕ್ಕೆ ಹೋಗಿ ಬರುತ್ತಾರೆ. ನಾಟಿಯ ದಿನ ಭಾನುವಾರವಾದ್ದರಿಂದ ನಾನೂ ಅಮ್ಮನೂ ಹೋಗಿದ್ದೆವು. ಅಚ್ಛ ಮಣ್ಣು ಕೈಗೆತ್ತಿಕೊಂಡು, "ಹೊಸಾ ಮಣ್ಣು, ಚಿನ್ನದಂಥಾ ಮಣ್ಣು" ಎಂದು ನಮಗೂ ಒಂದೊಂದು ಹಿಡಿ ಕೊಟ್ಟರು. ಗೌಡರ ಹೆಂಡತಿ ಮಜ್ಜಿಗೆ ತಂದವರು ಅಮ್ಮನ ಕೈ ಹಿಡಿದು, "ತಿರುಗಾ ನಮ್ತಾವ್ಕೇ ಬಂದ್ರಲ್ಲವ್ವ" ಎಂದರು. ಹಳೇ ಪರಿಚಯದ ಉಪಚಾರ ಎಂದುಕೊಂಡೆ. ಅಮ್ಮ ತಲೆ ತಗ್ಗಿಸಿ ಮಜ್ಜಿಗೆ ಕುಡಿದಳು.

ಆಷಾಢದ ಮಳೆ ಹಿಡಿದು ಹದಿನೈದು ದಿನಕ್ಕೆ ಒಂದು ಮೂಲೆ ಹಳದಿಯಾಯಿತು. ವಾರದೊಳಗೆ ಅರ್ಧ ಹೊಲ. ಎಳೆದರೆ ಕಾಂಡ ಸಲೀಸಾಗಿ ಕೈಗೇ ಬರುತ್ತಿತ್ತು, ಬುಡದಲ್ಲಿ ಕೆಟ್ಟ ನಾತ. ದುಡ್ಡಿನ ಮಾತು ಬಿಡಿ, ಹೋಗುವುದು ಬರುವುದು ಶುಂಠಿಯವರಿಗೆ ಹೊಸದಲ್ಲ. ಆದರೆ ಅಚ್ಛ ಆ ಸಂಜೆ ಮನೆಗೆ ಬಂದು ಕೈ ತೊಳೆಯದೆ ಕೂತರು. "ಈ ಹೊಲದಲ್ಲಿ ಯಾರೋ ಮುಂಚೆ ಹಾಕಿದ್ದಾರೆ. ಗೌಡ ನಂಗೆ ಮೋಸ ಮಾಡಿದ" ಎಂದರು. ಮೋಸಕ್ಕಿಂತ ತಾನು ಮೋಸ ಹೋದದ್ದು ಅವರನ್ನು ತಿನ್ನುತ್ತಿತ್ತು. ನಾಳೆಯೇ ಹೋಗಿ ನಾಲ್ಕು ಜನರ ಎದುರು ಕೇಳುತ್ತೇನೆ ಎಂದರು.

ಬೆಳಿಗ್ಗೆ ಅಚ್ಛ ಸ್ನಾನಕ್ಕೆ ಹೋದಾಗ ಅಮ್ಮ ದೋಸೆಯ ಕಾವಲಿಯ ಮುಂದೆ ನಿಂತು, ನನ್ನ ಮುಖ ನೋಡದೆ, "ಇವತ್ತು ರಜ ಹಾಕು. ಜೊತೆಗೆ ಹೋಗು" ಎಂದಳು.

"ಯಾಕಮ್ಮಾ?"

"ಆ ಹೊಲದಲ್ಲಿ ಶುಂಠಿ ಹಾಕಿದ್ದು ನಾವೇ. ನಾಲ್ಕು ವರ್ಷ ಆಯ್ತು. ನೀನು ಬಿ.ಎಡ್. ಅಂತ ಮೈಸೂರಲ್ಲಿದ್ದೆ."

ದೋಸೆ ಸೀಯುತ್ತಿತ್ತು. ಆಗ ಹೊಲದ ತಲೆಯಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇತ್ತಂತೆ, ಈಗ ಕೆಡವಿದ್ದಾರೆ. ದಾರಿಯೂ ಬೇರೆ ಕಡೆಯಿಂದ ಇತ್ತಂತೆ. ಆದರೂ ಅಮ್ಮ ನಾಟಿಯ ದಿನ ಕಾಲಿಟ್ಟ ತಕ್ಷಣ ಗುರುತು ಹಿಡಿದಿದ್ದಳು. ಹೇಳಬಾರದಿತ್ತೇ ಎಂದು ನಾನು ರೇಗಿದೆ. "ಇಷ್ಟು ವರ್ಷ ಅವರು ಮಣ್ಣು ನೋಡಿ ಹೇಳಿದ್ದಕ್ಕೆ ನಾನು ಎದುರು ಹೇಳಿಲ್ಲ. ಅಷ್ಟು ಖುಷಿಯಾಗಿ ಕೈಗೆ ಮಣ್ಣು ಕೊಟ್ರು. ಬಾಯಿ ಬರಲಿಲ್ಲ" ಎಂದು ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಅಮ್ಮನ ಮೇಲಿನ ಸಿಟ್ಟು ಇಳಿದು, ಅಚ್ಛನ ಬಗ್ಗೆ ಹೆದರಿಕೆ ಶುರುವಾಯಿತು.

ಬಸ್ಸಿನಲ್ಲಿ ಅಚ್ಛ ಜಗಳದ ತಾಲೀಮು ನಡೆಸಿದರು. ಮೊದಲು ಇದು ಕೇಳುತ್ತೇನೆ, ಆಮೇಲೆ ಅದು ಕೇಳುತ್ತೇನೆ ಎಂದು ಬೆರಳು ಮಡಚುತ್ತಿದ್ದರು. ನಾನು ಅಲ್ಲೇ ಹೇಳಬಹುದಿತ್ತು. ಮಕ್ಕಳಿಗೆ ದಿನಾ ಧೈರ್ಯವಾಗಿ ಮಾತಾಡಿ ಎಂದು ಬೋಧನೆ ಮಾಡುವ ಬಾಯಿ ಅವತ್ತು ಟಿಕೆಟ್ಟು ಕೇಳುವುದಕ್ಕೆ ಮಾತ್ರ ತೆರೆಯಿತು.

ಗೌಡರು ಜಗುಲಿಯ ಮೇಲಿದ್ದರು. ನನಗಿಂತ ಹೆಚ್ಚೆಂದರೆ ಹದಿನೈದು ವರ್ಷಕ್ಕೆ ದೊಡ್ಡವರು, ಗಟ್ಟಿ ಆಳು. ಪಕ್ಕದ ಮನೆಯ ಇಬ್ಬರು ಕೂತಿದ್ದರು. ಅಚ್ಛ ಕೂರಲಿಲ್ಲ. "ಗೌಡ್ರೇ, ಈ ವಯಸ್ಸಲ್ಲಿ ನಂಗ್ಯಾಕೆ ಮೋಸ ಮಾಡುದ್ರಿ? ಶುಂಠಿ ಹಾಕಿದ್ ಹೊಲ ಅಂತ ಒಂದ್ ಮಾತ್ ಹೇಳಾಕೆ ಆಗ್ನಿಲ್ವಾ?" ಎಂದರು.

ಗೌಡರ ಹೆಂಡತಿ ಬಾಗಿಲಿಗೆ ಬಂದು, "ಅಯ್ಯೋ ಚೇಟ, ನೀವೇ ಅಲ್ವಾ..." ಎಂದು ಶುರು ಮಾಡಿದರು.

"ನೀ ಒಳಕ್ಕೋಗಿ ಮಜ್ಗೆ ತತ್ತಾ" ಎಂದು ಗೌಡರು ಗದರಿದರು. ಆಮೇಲೆ ಅಚ್ಛನ ಮುಖ ನೋಡಿದರು. ನನ್ನ ಮುಖ ನೋಡಿದರು. ನಾನು ಏನು ಮುಖ ಮಾಡಿದ್ದೆನೋ ಗೊತ್ತಿಲ್ಲ, ಕೈ ಮಾತ್ರ ತಾನಾಗಿ ಮುಗಿದಿತ್ತು.

"ತೆಪ್ಪಾಯ್ತು ಕಣ್ರೀ ಚೇಟ," ಎಂದರು ಗೌಡರು. "ಮುಂಚೆ ಯಾರೋ ಆಕಿದ್ರು. ಯೋಳದ ಮರ್ತೋಯ್ತು. ನಂದೇ ತೆಪ್ಪು ಬುಡಿ."

ಪಕ್ಕದ ಮನೆಯವರು ಬಾಯಿ ತೆರೆದು ಮುಚ್ಚಿದರು. ಅಷ್ಟು ಸುಲಭವಾಗಿ ಗೆಲ್ಲುತ್ತೇನೆಂದು ಅಚ್ಛ ಎಣಿಸಿರಲಿಲ್ಲ. ಬೆರಳು ಮಡಚಿಕೊಂಡು ತಂದ ಮಾತೆಲ್ಲ ಹಾಗೇ ಉಳಿದು, ಮೆಲ್ಲಗೆ ಜಗುಲಿಯ ತುದಿಯಲ್ಲಿ ಕೂತು ಮಜ್ಜಿಗೆ ಕುಡಿದರು.

ಹೊರಡುವಾಗ ಅಚ್ಛ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದರು. ಗೌಡರು ನನ್ನ ಬಳಿ ಬಂದು ದನಿ ತಗ್ಗಿಸಿ ಹೇಳಿದರು. "ಅದೇ ವಲ ಕೇಳುದ್ರಲ್ಲ, ಚೇಟಂಗೆ ಗೊತ್ತಿಲ್ದೆ ಕೇಳ್ತಾರಾ, ಏನೋ ವಸಾ ಔಸ್ದಿ ಬಂದಿರ್ಬೇಕು ಅಂದ್ಕಂಡೆ ಕಣವ್ವ. ಅವರ್ಗೆ ಯೋಳಕ್ಕೆ ನಾವ್ಯಾರು ಅಂತ ಸುಮ್ಕಾದೆ. ನಮ್ಮಪ್ಪಂಗೂ ಇಂಗೇ ಸುರುವಾಗಿದ್ದು. ಮೊದ್ಲು ವಲ ಮರ್ತ. ಆಮ್ಯಾಕೆ ನಮ್ಮುನ್ನ ಮರ್ತ." ಇನ್ನೂ ಏನೋ ಹೇಳಲು ಹೋಗಿ, "ಜ್ವಾಪಾನವಾಗ್ ಕರ್ಕಂಡೋಗು" ಎಂದಷ್ಟೇ ಹೇಳಿ ಒಳಗೆ ಹೋದರು.

ಯೋಚಿಸಿದರೆ ಎಂಥ ವಿಚಿತ್ರ! ಅಮ್ಮನಿಗೆ ಗೊತ್ತಿತ್ತು, ಗೌಡರಿಗೆ ಗೊತ್ತಿತ್ತು, ಗೌಡರ ಹೆಂಡತಿ ಬಾಯಿಬಿಟ್ಟು ಹೇಳಿಯೂ ಆಗಿತ್ತು. ಎಲ್ಲರೂ ಮರ್ಯಾದೆ ಕೊಟ್ಟು ಕೊಟ್ಟು ಒಬ್ಬ ಮನುಷ್ಯನನ್ನು ಕೊಳೆಯುವ ಹೊಲಕ್ಕೆ ಕಳಿಸಿಕೊಟ್ಟೆವು. ಹೊರಗಿನಿಂದ ಬಂದವರಿಗೆ ಈ ಸೀಮೆಯಲ್ಲಿ ಮರ್ಯಾದೆ ಸಿಗುವುದು ಸುಲಭವಲ್ಲ. ಸಿಕ್ಕಿದ ಮರ್ಯಾದೆ ಹೀಗೆ ಕೈ ಕೊಡುತ್ತದೆಂದು ನಾನು ಎಣಿಸಿರಲಿಲ್ಲ. ವಲಸೆ ಬಂದವರ ಮಕ್ಕಳಿಗೆ ಇನ್ನೊಂದು ಕಷ್ಟವಿದೆ. ಅಪ್ಪ ಮರೆತರೆ ನೆನಪಿಸಿಕೊಡಲು ಕೇರಿ ಇಲ್ಲ, ದಾಯಾದಿಗಳಿಲ್ಲ, ಇವನು ಇಂಥವನ ಮಗ ಎನ್ನುವ ಮುದುಕರಿಲ್ಲ. ನಾವಿದ್ದ ಶೆಡ್ಡುಗಳು ಒಂದೂ ಈಗಿಲ್ಲ. ನಾವು ಇಪ್ಪತ್ತಾರು ವರ್ಷ ಇಲ್ಲಿ ಬದುಕಿದ್ದೆವು ಎನ್ನುವುದು ಇರುವುದೆಲ್ಲ ಆ ಒಂದು ತಲೆಯಲ್ಲಿ. ಅದೇ ಖಾಲಿಯಾದರೆ ನಾವು ಎಲ್ಲಿದ್ದೆವು ಎಂದು ಯಾರನ್ನು ಕೇಳುವುದು?

ವಾಪಸ್ಸು ಬಸ್ಸಿನಲ್ಲಿ ಅಚ್ಛ ಕಿಟಕಿಯ ಪಕ್ಕ ಕೂತರು. ಸ್ವಲ್ಪ ಹೊತ್ತಿನ ಮೇಲೆ, "ಪಾಪ, ಗೌಡ್ರಿಗೆ ಮರೆವು ಶುರುವಾಗಿದೆ ಮೋಳೇ" ಎಂದರು. ಮೋಳೇ ಎಂದರೆ ಮಗಳೇ ಎಂದು. "ಇನ್ನೂ ಚಿಕ್ಕ ವಯಸ್ಸು. ಅವರ ಮನೆಯವರು ಹುಷಾರಾಗಿ ನೋಡ್ಕೋಬೇಕು."

ನನಗೆ ಅಳು ಬಂತು. ಹೊರಗೆ ನೋಡಿದೆ. ಅವರು ರಸ್ತೆಯ ಪಕ್ಕದ ಒಂದು ಇಳಿಜಾರು ಹೊಲ ತೋರಿಸಿ, "ಇದು ನೋಡು, ನಾವು ಬೇಗೂರಿಂದ ಬಂದು ಮೊದಲು ಮಾಡಿದ್ದು ಇಲ್ಲೇ" ಎಂದರು.

ಅಲ್ಲ. ಆ ಹೊಲ ಮಾಡಿದ್ದು ಬಹಳ ಆಮೇಲೆ, ಕೆ.ಆರ್. ನಗರದ ಕಡೆಯಿಂದ ಬಂದ ಮೇಲೆ. ಆ ವರ್ಷ ಶೆಡ್ಡಿಗೆ ಗಾಳಿ ಹೊಡೆದು ಶೀಟು ಹಾರಿಹೋಗಿತ್ತು. ಅಚ್ಛನೇ ಬೆನ್ನು ಕೊಟ್ಟು ನಿಂತು ನನ್ನ ಪುಸ್ತಕ ನೆನೆಯದ ಹಾಗೆ ಕಾದಿದ್ದರು. ಹೂಂ ಎನ್ನುವುದು ಸುಲಭವಿತ್ತು. ಬೆಳಿಗ್ಗೆಯಿಂದ ಎಲ್ಲರೂ ಅದನ್ನೇ ಮಾಡಿದ್ದೆವು.

"ಅಲ್ಲ ಅಚ್ಛಾ," ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. "ಇಲ್ಲಿಗೆ ಬಂದಿದ್ದು ಕೆ.ಆರ್. ನಗರದ ಬೆಳೆ ಆದ್ಮೇಲೆ. ಶೀಟು ಹಾರೋಯ್ತಲ್ಲ, ಆ ವರ್ಷ."

ಅಚ್ಛ ತಿರುಗಿ ನನ್ನನ್ನೇ ನೋಡಿದರು. ಕೋಪ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಬಹಳ ದಿನದಿಂದ ಒಬ್ಬರೇ ಹೊತ್ತು ಸುಸ್ತಾದವರ ಹಾಗೆ ಸೀಟಿಗೆ ಒರಗಿದರು.

"ಹೌದಾ?" ಎಂದರು. "ಹಂಗಾದ್ರೆ ಮುಂದಿಂದೆಲ್ಲ ನೀನೇ ಹೇಳ್ತಾ ಬಾ. ನಾನು ಕೇಳ್ತೀನಿ."

ಹುಣಸೂರು ಬರುವವರೆಗೂ ಹೇಳಿದೆ.