ಯಾವೂರಲ್ಲಿ ಉಡ್ತೀಯ?

ಚನ್ನಾಜಮ್ಮನವರು ಸೀರೆಯನ್ನು ಮೊದಲು ಮೂಗಿನಿಂದ ನೋಡುತ್ತಿದ್ದರು. ಗಂಟು ಬಿಚ್ಚಿ, ಒಂದೊಂದನ್ನೇ ಮುಖದ ಹತ್ತಿರ ತಂದು, ಕಣ್ಣು ಮುಚ್ಚಿ ಉಸಿರೆಳೆದುಕೊಳ್ಳುವರು. "ಇದು ಹೊಗೆಸೊಪ್ಪಿನ ಮನೇದು" ಎನ್ನುವರು. "ಇದು ಕೊಡಗಿನ ತೋಟದ ಮನೇದು. ಮೆಣಸಿನ ಘಾಟು ಇನ್ನೂ ಓಗಿಲ್ಲ, ನೋಡು." ಆಮೇಲೆ ಬಾಗಿಲ ಬೆಳಕಿಗೆ ಹಿಡಿದು ಎಲ್ಲಿ ತೆಳುವಾಗಿದೆ ಎಂದು ಹುಡುಕುವರು. ಹತ್ತು ಗಂಟು ಬಂದರೆ ಅವರ ಬೀರು ಸೇರುತ್ತಿದ್ದದ್ದು ಒಂದು ಗಂಟಿನಷ್ಟು. ಉಳಿದದ್ದು ಹರಿದು ಹೊದಿಕೆಯಾಗುತ್ತಿತ್ತು.

ಹುಣಸೂರಿನ ಪೇಟೆಬೀದಿಯ ಹಿಂದೆ ಮಹಿಳಾ ಸಮಾಜದ ಮುಂಗೋಣೆಯಲ್ಲಿ ಆ ಬೀರು ಇತ್ತು. ಸುತ್ತಲ ತಾಲ್ಲೂಕುಗಳ ಅನುಕೂಲಸ್ಥರ ಮನೆಗಳಿಂದ ಸಮಾಜದವರು ಹಳೆಯ ಬಟ್ಟೆ ತರುತ್ತಿದ್ದರು. ಮಾರಿ ಬಂದದ್ದರಲ್ಲಿ ವೀರನಹೊಸಹಳ್ಳಿ ಕಡೆಯ ಕಾಡಿನಂಚಿನ ಬುಡಕಟ್ಟು ಹಾಡಿಗಳ ಹೆಣ್ಣುಮಕ್ಕಳ ಹಾಸ್ಟೆಲ್ಲು ನಡೆಯುತ್ತಿತ್ತು. ಬುಗ್ಗೆ ತೋಳಿನ ಮಖಮಲ್ಲು ರವಿಕೆ, ಲೇಸು ಹಚ್ಚಿದ ಲಂಗ, ಮದುವೆಗೊಮ್ಮೆ ತೊಟ್ಟು ಮಡಿಸಿಟ್ಟ ಕೋಟು, ಇಂಥವೆಲ್ಲ ಅಲ್ಲಿ ಸಿಗುತ್ತಿದ್ದವು. "ಇಂತಾ ಅಂಚು ನೇಯೋರು ಈಗಿಲ್ಲ ಕಣವ್ವ. ಉಟ್ಟು ಅರ್ದಾಕು, ಮಡಗಿ ಅರೀಬ್ಯಾಡ" ಎಂದು ಚನ್ನಾಜಮ್ಮನವರು ಸೀರೆಯನ್ನು ಕೈಗೆ ಕೊಡುತ್ತಿದ್ದರು.

ಕೊಡುವ ಮೊದಲು ಒಂದೇ ಪ್ರಶ್ನೆ: "ಯಾವೂರಲ್ಲಿ ಉಡ್ತೀಯ?"

ಪಿರಿಯಾಪಟ್ಟಣದ ಕಡೆಯಿಂದ ಬಂದ ಬಟ್ಟೆ ಕೆ.ಆರ್. ನಗರದವರಿಗೆ, ಹುಣಸೂರಿನದು ಎಚ್.ಡಿ. ಕೋಟೆಯವರಿಗೆ. ಬಿಳಿಕೆರೆಯವಳಿಗೆ ಬಿಳಿಕೆರೆಯ ಸೀರೆಯನ್ನು ಕಾಲು ಹಿಡಿದರೂ ಕೊಡುತ್ತಿರಲಿಲ್ಲ. "ಕೊಟ್ಟೋರು ಉಟ್ಟೋರ್ನ ನೋಡ್ಬಾರ್ದು. ನೋಡುದ್ರೆ ಇವ್ಳು ತಲೆ ಎತ್ತಾಕಾಗಲ್ಲ" ಎನ್ನುವರು. ಯಾವ ಸೀರೆ ಯಾವ ಮನೆಯದು, ಯಾವ ಊರಿಗೆ ಹೋಯಿತು, ಎಲ್ಲವೂ ಅವರ ತಲೆಯಲ್ಲೇ ಇರುತ್ತಿತ್ತು. ಬರೆದಿಡಿ ಎಂದರೆ ನಗುವರು. "ಮಕ್ಳೆಸ್ರ ಯಾರಾರೂ ಬರ್ಕೊಂಡಿರ್ತಾರಾ?" ಅವರಿಗೆ ಮಕ್ಕಳಿರಲಿಲ್ಲ.

ಮುಂದಿನದನ್ನು ನಡೆದ ಹಾಗೆಯೇ ಬರೆಯಬೇಕು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಟೀಚರ್ ಟ್ರೈನಿಂಗ್ ಮುಗಿಸಿದ ನನಗೆ ಕೆ.ಆರ್. ನಗರ ತಾಲ್ಲೂಕಿನ ಒಂದು ಶಾಲೆಗೆ ಆರ್ಡರ್ ಬಂದಿತ್ತು. ಉಟ್ಟುಕೊಂಡು ಹೋಗಲು ನೆಟ್ಟಗಿರುವ ಸೀರೆ ಒಂದೂ ಇರಲಿಲ್ಲ. ಚನ್ನಾಜಮ್ಮನವರು ಗಿಳಿಹಸಿರು ಕ್ರೇಪಿನ ಸೀರೆಯೊಂದನ್ನು ನನ್ನ ಹೆಗಲ ಮೇಲೆ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. "ಯಾವೂರಲ್ಲಿ ಉಡ್ತೀಯ ಸರೋಜ?" ಎಂದರು. ಕೆ.ಆರ್. ನಗರ ಎಂದೆ. "ಅಂಗಾದ್ರೆ ತಗೋ."

ಹದಿನೈದು ದಿನಗಳಲ್ಲಿ ಆರ್ಡರ್ ಬದಲಾಯಿತು. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರಕ್ಕೆ ಹಾಕಿದರು. ಹೋಗಿ ಹೇಳಬೇಕೆಂದು ನನಗೆ ಗೊತ್ತಿತ್ತು. ಸಮಾಜದ ಬಾಗಿಲವರೆಗೂ ಹೋದೆ. ಅವರು ಒಳಗೆ ಯಾರಿಗೋ ಕೋಟು ತೊಡಿಸುತ್ತಿದ್ದರು. ಸೀರೆ ಬಂದದ್ದು ಪಿರಿಯಾಪಟ್ಟಣದ ಕಡೆಯಿಂದಲೇ; ಹೇಳಿದರೆ ವಾಪಸು ಕೇಳುತ್ತಾರೆ. ಹಾಗೇ ತಿರುಗಿ ಬಂದೆ.

ಬೆಟ್ಟದಪುರದ ಶಾಲೆಯ ಸರಸ್ವತಿ ಪೂಜೆಗೆ ಆ ಸೀರೆ ಉಟ್ಟೆ. ಹೊಗೆಸೊಪ್ಪಿನ ವ್ಯಾಪಾರಿಯೊಬ್ಬರ ಹೆಂಡತಿ, ಪಾರ್ವತಮ್ಮ, ಮಕ್ಕಳಿಗೆಂದು ಪಾಯಸ ಮಾಡಿಸಿ ತಂದಿದ್ದರು. ನನ್ನನ್ನು ನೋಡಿ ಅವರ ಮುಖ ಅರಳಿತು. "ಅಯ್ಯೋ ಟೀಚರಮ್ಮ, ಇದು ನನ್ ಸೀರೆ ಅಲ್ವಾ? ಇಲ್ನೋಡಿ, ಊದ್ಬತ್ತಿ ಕಿಡಿ ಬಿದ್ದು ತೂತಾಗಿತ್ತು, ನಾನೇ ಒಲ್ದಿದ್ದೆ!" ಎಂದು ಸೆರಗನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಅವರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಇದನ್ನು ಒಪ್ಪಲೇಬೇಕು. ಮಾರನೆಯ ದಿನ ನಾನು ತರಗತಿಗೆ ಕಾಲಿಟ್ಟಾಗ ಹಿಂದಿನ ಸಾಲಿನಿಂದ ಕೇಳಿಸಿತು: "ದಾನದ್ ಸೀರೆ ಬಂತು ಕಣ್ಲಾ." ಇಡೀ ತರಗತಿ ನಕ್ಕಿತು. ಬೋರ್ಡಿನ ಕಡೆ ತಿರುಗಿದವಳಿಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ.

ಶನಿವಾರ ಮಧ್ಯಾಹ್ನ ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡು ಹುಣಸೂರಿಗೆ ಬಂದೆ. ಸೀರೆಯನ್ನು ಚನ್ನಾಜಮ್ಮನವರ ಮುಂದೆ ಹಾಕಿ, ಆದದ್ದನ್ನು ಹೇಳಿದೆ.

"ಬೆಟ್ಟದಪುರುಕ್ಯಾಕೆ ಉಟ್ಕೊಂಡೋದೆ? ಕೆ.ಆರ್. ನಗರ ಅಂದಿದ್ದೆ ನೀನು" ಎಂದರು.

"ಇಲ್ಲ ಅಮ್ಮ. ಬೆಟ್ಟದಪುರ ಅಂತಲೇ ಹೇಳಿದ್ದೆ. ನೀವು ಮರೆತಿರಿ."

ಈ ಮಾತನ್ನು ನಾನು ಯೋಚಿಸಿ ಆಡಲಿಲ್ಲ. ಆದರೆ ಆಡಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಸಮಯವಿತ್ತು. ಅವರು ಮಡಿಸುತ್ತಿದ್ದ ಬಟ್ಟೆ ತೊಡೆಯ ಮೇಲೆ ಅರ್ಧಕ್ಕೇ ನಿಂತಿತು. ಬೀರುವಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಅಂಗಂದ್ಯಾ?" ಎಂದರು. ಬಟ್ಟೆಯ ಉಳಿದರ್ಧವನ್ನೂ ಮಡಿಸಿಟ್ಟು, "ಅಂದಿರ್ಬೇಕು ಬುಡು" ಎಂದರು.

ಸೋಮವಾರ ಮೊದಲ ಬಸ್ಸಿಗೆ ಅವರು ನನ್ನ ಜೊತೆ ಬೆಟ್ಟದಪುರಕ್ಕೆ ಬಂದರು. ಅದೇ ಸೀರೆಯನ್ನು ನನಗೆ ಉಡಿಸಿ, ನೆರಿಗೆಯನ್ನು ತಾವೇ ಹಿಡಿದು, ಪಾರ್ವತಮ್ಮನವರ ಮನೆಗೆ ಕರೆದುಕೊಂಡು ಹೋದರು. "ತಪ್ಪು ನಂದು ಕಣ್ರವ್ವ. ವಯಸ್ಸಾಯ್ತು, ಊರು ಮರ್ತೋದೆ. ಈ ಮಗಿಗೆ ನಗೆಪಾಟ್ಲಾಗೋಯ್ತು" ಎಂದು ಕೈ ಮುಗಿದರು. ಪಾರ್ವತಮ್ಮ ಕಂಗಾಲಾದರು. "ನಾನು ಸಂತೋಸುಕ್ಕೆ ಅಂದಿದ್ದು!" ಎಂದು ಚಪ್ಪಲಿ ಮೆಟ್ಟಿ ನಮ್ಮ ಜೊತೆ ಶಾಲೆಗೇ ಬಂದರು. ತರಗತಿಯ ಬಾಗಿಲಲ್ಲಿ ನಿಂತು, "ಏಯ್, ಈ ಸೀರೆ ನಾನುಟ್ಟಾಗ ಇಷ್ಟು ಚೆಂದಾಗಿರ್ಲಿಲ್ಲ ಕಣ್ರೋ. ಇನ್ನೊಂದ್ಸಲ ಯಾವನಾರ ನಕ್ರೆ ಈ ಜಲ್ಮದಲ್ಲಿ ಪಾಯ್ಸ ಇಲ್ಲ!" ಎಂದು ಕೂಗಿದರು. ಪಾಯಸದ ಮಾತು ಕೆಲಸ ಮಾಡಿತು. ನನ್ನ ರಾಜೀನಾಮೆ ಚೀಲದಲ್ಲೇ ಉಳಿಯಿತು.

ಮುಂದಿನ ವಾರ ಚನ್ನಾಜಮ್ಮನವರು ಬೀರುವಿನ ಬೀಗದ ಕೈಯನ್ನು ಸಮಾಜಕ್ಕೆ ಒಪ್ಪಿಸಿದರು. ಎಲ್ಲರೂ ಬೇಡವೆಂದರಂತೆ. "ಊರು ಮರೆಯೋಳು ಇನ್ನೆಷ್ಟು ಎಣ್ಮಕ್ಳ ತಲೆ ತಗ್ಗುಸ್ಲಿ?" ಎಂದು ಎಚ್.ಡಿ. ಕೋಟೆಯ ತಂಗಿಯ ಮನೆಗೆ ಹೊರಟುಹೋದರು.

ಮೂರು ವರ್ಷ ನಾನು ಸುಮ್ಮನಿದ್ದೆ. ಕೆಲಸ ಖಾಯಂ ಆಯಿತು. ಮಕ್ಕಳು ನನ್ನನ್ನು ಹಚ್ಚಿಕೊಂಡರು. ಒಂದು ಭಾನುವಾರ ಎಚ್.ಡಿ. ಕೋಟೆಯ ಬಸ್ಸು ಹತ್ತಿದೆ.

ಅವರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಸೊರಗಿ ಇಳಿದುಹೋಗಿದ್ದರು. ನನ್ನನ್ನು ನೋಡಿ ಎದ್ದು, ಒಲೆಯ ಮೇಲಿದ್ದ ಸಾರು ನೋಡಿ ಬರುತ್ತೇನೆಂದು ಒಳಗೆ ಹೊರಟಾಗ ತಂಗಿಯ ಸೊಸೆ ತಡೆದಳು: "ದೊಡ್ಡತ್ತೆ, ನೀವು ಉಪ್ಪಾಕ್ಬ್ಯಾಡಿ. ಮರ್ತು ಎರಡ್ಸಲ ಆಕ್ಬುಡ್ತೀರಿ." ಅವರು ತಿರುಗಿ ಬಂದು ಕೂತು ಮತ್ತೆ ಅವರೆಕಾಯಿ ಕೈಗೆತ್ತಿಕೊಂಡರು. ಆಗಲೇ ನಾನು ನಿಜ ಹೇಳಿದ್ದು.

ಅವರ ಕೈಯಲ್ಲೊಂದು ಕಾಯಿ ಬಿಡಿಸದೆ ಉಳಿಯಿತು.

"ಕೆ.ಆರ್. ನಗರ ಅಂದಿದ್ದೆ?"

"ಅಂದಿದ್ದೆ ಅಮ್ಮ."

"ಬಾಗ್ಲತ್ರ ನಿಂತಿದ್ದೆ ನೀನು. ಕೈಲಿ ಕರೀ ಕೊಡೆ ಇತ್ತು. ಕಡ್ಡಿ ಒಂದು ಮುರ್ದಿತ್ತು."

"ಹೌದು."

"ಅಂಗಾದ್ರೆ ನಾನು ಮರ್ತಿರ್ಲಿಲ್ಲ!" ಕಾಯಿಯನ್ನು ಮೊರಕ್ಕೆ ಎಸೆದರು. "ಮೂರ್ ವರ್ಸ ಕಣೇ! ಮೂರ್ ವರ್ಸದಿಂದ ಇವ್ರು ನನ್ನ ಉಪ್ಪಿನ ಡಬ್ಬ ಮುಟ್ಟುಸ್ಲಿಲ್ಲ!" ನಾನು ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ರಟ್ಟೆ ಹಿಡಿದು ಎಬ್ಬಿಸಿದರು. "ಅದೆಲ್ಲ ಬ್ಯಾಡ. ಒಳೀಕ್ಕೆ ಬಾ. ಇವ್ಳ ಮುಂದೆ ಏಳು."

ಸೊಸೆಯ ಮುಂದೆ ಹೇಳಿದೆ. "ಇನ್ನೊಂದ್ಸಲ, ಗಟ್ಟಿಯಾಗಿ" ಎಂದರು. ಮತ್ತೆ ಹೇಳಿದೆ. ಹಿತ್ತಲಲ್ಲಿದ್ದ ತಂಗಿಯನ್ನು ಕರೆಸಿ ಅವರಿಗೂ ಹೇಳಿಸಿದರು. ಪಕ್ಕದ ಮನೆಗೆ ಕರೆದೊಯ್ದರು, ಅಲ್ಲಿಂದ ಎದುರು ಮನೆಗೆ. ಪ್ರತಿ ಮನೆಯಲ್ಲೂ, "ನಾನು ಸುಳ್ಳು ಹೇಳಿದ್ದೆ, ಚನ್ನಾಜಮ್ಮನವರು ಮರೆತಿರಲಿಲ್ಲ" ಎಂದೆ. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ಕೇಳುವ ಧೈರ್ಯ ನನಗೂ ಬರಲಿಲ್ಲ. ಊಟಕ್ಕೆ ಮಾತ್ರ ಬಲವಂತ ಮಾಡಿ ಕೂರಿಸಿ, ಸಾರಿಗೆ ಉಪ್ಪನ್ನು ತಾವೇ ಹಾಕಿ, ಸೊಸೆಯ ಕಡೆ ನೋಡುತ್ತ ಬಡಿಸಿದರು.

ಸಂಜೆ ಬಸ್ ಸ್ಟ್ಯಾಂಡಿನವರೆಗೂ ಬಂದರು. ನಾನು ಹತ್ತಿ ಕೂತ ಮೇಲೆ ಕಿಟಕಿಯ ಸರಳು ಹಿಡಿದು ನಿಂತರು. ಕಂಡಕ್ಟರು ಟಿಕೆಟ್ಟು ಹರಿಯುತ್ತ ನನ್ನ ಹತ್ತಿರ ಬಂದ.

"ಇವನ್ಗೂ ಏಳು" ಎಂದರು ಚನ್ನಾಜಮ್ಮ.

"ಏನಮ್ಮ ಅದು? ರೈಟ್ ಏಳ್ಬೇಕು, ಬೇಗ ಏಳಿ" ಎಂದ ಅವನು.

ಹೇಳಿದೆ. ಅವನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ. ಕೆಳಗೆ ಅವರು ಪ್ರತಿ ಮಾತಿಗೂ ತಲೆ ಆಡಿಸುತ್ತ, ತೃಪ್ತಿಯಿಂದ ಕೇಳುತ್ತ ನಿಂತಿದ್ದರು. ಬಸ್ಸು ಹೊರಟಿತು. ನಾನು ಅವರನ್ನು ಕಡೆಯ ಸಲ ನೋಡಿದ್ದು ಆಗಲೇ.